ನೀರಿನೊಳಗಿನ ಉಪ್ಪು, ಜೇಡಿಮಣ್ಣಿನ ನಡೆ

ಜೇಡಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ ಎಂಬುದು ಎರೆಹೊಲ ಉಳುವ ರೈತನಿಗೂ ಅಡಿಪಾಯ ತೋಡಿಸುವ ಮೇಸ್ತ್ರಿಗೂ ಸಮಾನವಾಗಿ ತಿಳಿದಿರುವ ಸಂಗತಿ. ಆದರೆ ಮಣ್ಣಿಗೆ ಎಷ್ಟು ನೀರು ಸೇರಿತು ಎಂಬುದಕ್ಕೆ ದೊರೆತಷ್ಟು ಗಮನ ಎಂಥ ನೀರು ಸೇರಿತು ಎಂಬುದಕ್ಕೆ ದೊರೆತಿಲ್ಲ. ಒಂದೇ ಹೊಲದಿಂದ ತಂದ ಒಂದೇ ಹೆಂಟೆಯ ಎರಡು ಚೂರುಗಳಲ್ಲಿ ಒಂದು ಮಳೆನೀರಿನಲ್ಲಿ ಕದಡಿ ಹಾಲಿನಂತಾಗಬಹುದು, ಇನ್ನೊಂದು ಸುಣ್ಣದಂಶವುಳ್ಳ ಬಾವಿನೀರಿನಲ್ಲಿ ಗಂಟೆಗಟ್ಟಲೆ ಅಲುಗದೆ ಕುಳಿತಿರಬಹುದು. ಈ ವ್ಯತ್ಯಾಸಕ್ಕೆ ಕಾರಣ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ಮತ್ತು ಆ ಲವಣಗಳಲ್ಲಿ ಸೋಡಿಯಂಗೂ ಕ್ಯಾಲ್ಸಿಯಂಗೂ ಇರುವ ಅನುಪಾತ. ಇವೆರಡನ್ನು ಬೇರೆಬೇರೆಯಾಗಿ ಅರಿತರೆ ಮಾತ್ರ, ಮಣ್ಣಿನ ಶತ್ರುವೆಂದು ಹೆಸರಾದ ಉಪ್ಪೇ ಎಷ್ಟೋ ಕಡೆ ಜೇಡಿಯನ್ನು ಹಿಡಿದು ನಿಲ್ಲಿಸಿದೆ ಎಂಬುದೂ, ನಿರ್ಮಲವಾದ ಮಳೆನೀರೇ ಕೆಲವು ನೆಲಗಳನ್ನು ಕೆಡಿಸುತ್ತದೆ ಎಂಬುದೂ ಅರ್ಥವಾಗುತ್ತವೆ.

ಒಂದು ಮಿಲಿಮೀಟರಿನ ಐನೂರನೆಯ ಒಂದು ಭಾಗಕ್ಕಿಂತ ಕಿರಿದಾದ ಕಣಗಳನ್ನು ಮಣ್ಣುವಿಜ್ಞಾನ ಜೇಡಿ ಎಂದು ಕರೆಯುತ್ತದೆ. ಈ ಕಣಗಳಲ್ಲಿ ಹೆಚ್ಚಿನವು ಮರಳಿನಂತೆ ಕಲ್ಲಿನ ಪುಡಿಯಲ್ಲ. ಕಲ್ಲು ಶಿಥಿಲವಾಗಿ ಅದರ ಘಟಕಗಳು ಮರಳಿ ಜೋಡಣೆಗೊಂಡು ಹುಟ್ಟಿದ ಹೊಸ ಖನಿಜಗಳು. ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಒಂದು ಹಾಳೆ, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿದ ಇನ್ನೊಂದು ಹಾಳೆ, ಇವೆರಡು ಯಾವ ಕ್ರಮದಲ್ಲಿ ಬೆಸೆದುಕೊಂಡಿವೆ ಎಂಬುದರ ಮೇಲೆ ಖನಿಜದ ಜಾತಿ ನಿರ್ಧಾರವಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿ ಸಿಗುವ ಕೆಯೊಲಿನೈಟ್‌ನಲ್ಲಿ ಎರಡೂ ಹಾಳೆಗಳು ಒಂದಕ್ಕೊಂದು ಸೇರಿ 0.7 ನ್ಯಾನೊಮೀಟರ್ ದಪ್ಪದ ಪದರವಾಗುತ್ತವೆ. ಪದರ ಪದರಗಳ ನಡುವೆ ಹೈಡ್ರೋಜನ್ ಬಂಧಗಳು ಬಿಗಿಯಾಗಿರುವುದರಿಂದ ಒಳಗೆ ನೀರು ನುಗ್ಗಲಾರದು. ಇಲ್ಲೈಟ್ ಎಂಬ ಖನಿಜದಲ್ಲಿ ಪದರಗಳ ನಡುವಿನ ಕುಳಿಗಳಲ್ಲಿ ಪೊಟ್ಯಾಸಿಯಂ ಅಯಾನುಗಳು ಹೇಳಿ ಮಾಡಿಸಿದಂತೆ ಕೂತು ಪದರಗಳನ್ನು ಬಂಧಿಸಿವೆ. ಎರೆಮಣ್ಣಿನ ಜೀವಾಳವಾದ ಸ್ಮೆಕ್ಟೈಟ್ ಗುಂಪಿನ, ವಿಶೇಷವಾಗಿ ಮಾಂಟ್‌ಮೊರಿಲೊನೈಟ್‌ನ, ರಚನೆಯಲ್ಲಿ ಅಂಥ ಬಿಗಿ ಇಲ್ಲ. ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ ಸಿಕ್ಕಿಕೊಂಡ ಅದರ ಪದರಗಳು ಪರಸ್ಪರ ಸಡಿಲವಾಗಿ ನಿಂತಿರುವುದರಿಂದ ನೀರು ಪ್ರತಿಯೊಂದು ಪದರದ ಸಂದಿಗೂ ಇಳಿಯಬಲ್ಲದು. ಒಂದು ಗ್ರಾಂ ಕೆಯೊಲಿನೈಟ್‌ನ ಮೇಲ್ಮೈ ಹತ್ತಿಪ್ಪತ್ತು ಚದರ ಮೀಟರ್ ಇದ್ದರೆ, ಒಂದು ಗ್ರಾಂ ಮಾಂಟ್‌ಮೊರಿಲೊನೈಟ್‌ನದು ಒಳಮೈಯೂ ಸೇರಿ ಏಳೆಂಟುನೂರು ಚದರ ಮೀಟರ್ ಆಗುವುದು ಈ ಕಾರಣದಿಂದಲೇ.

ಈ ವಿಸ್ತಾರವಾದ ಮೇಲ್ಮೈಯೆಲ್ಲ ಋಣ ವಿದ್ಯುದಾವೇಶ ಹೊತ್ತಿರುತ್ತದೆ. ಖನಿಜ ರೂಪುಗೊಳ್ಳುವಾಗ ಅಲ್ಯೂಮಿನಿಯಂ ಇರಬೇಕಾದ ಕೆಲವು ಸ್ಥಾನಗಳಲ್ಲಿ ಅದಕ್ಕಿಂತ ಕಡಿಮೆ ಆವೇಶದ ಮೆಗ್ನೀಸಿಯಂ ಬಂದು ನೆಲೆಸಿರುವುದು ಅದಕ್ಕೆ ಮೂಲ. ಆ ಕೊರತೆಯನ್ನು ತುಂಬಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಮುಂತಾದ ಧನ ಅಯಾನುಗಳು ಪದರದ ಹೊರಗೆ ನೆರೆದಿರುತ್ತವೆ. ಇವು ಖನಿಜದ ಅಂಗಗಳಲ್ಲವಾದ್ದರಿಂದ ಸ್ಥಾನ ಬಿಟ್ಟುಕೊಡಬಲ್ಲವು. ಇಂಗ್ಲೆಂಡಿನ ಯಾರ್ಕ್‌ಷೈರಿನ ಎಚ್.ಎಸ್. ಥಾಂಪ್ಸನ್ ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಮಣ್ಣಿನ ಮೂಲಕ ಹಾಯಿಸಿದಾಗ ಕೆಳಗೆ ಬಸಿದು ಬಂದದ್ದು ಬಹುಪಾಲು ಕ್ಯಾಲ್ಸಿಯಂ ಸಲ್ಫೇಟ್ ಆಗಿತ್ತು. ಅಮೋನಿಯಂ ಮಣ್ಣಿನಲ್ಲೇ ಉಳಿದು ಕ್ಯಾಲ್ಸಿಯಂ ಹೊರಬಂದಿತ್ತು. ಇದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ 1850ರಲ್ಲಿ ಪ್ರಕಟಿಸಿದ ಜೆ. ಥಾಮಸ್ ವೇ ಎಂಬ ರಸಾಯನಶಾಸ್ತ್ರಜ್ಞ ಈ ವಿನಿಮಯವು ಸಮಾನ ಪ್ರಮಾಣಗಳಲ್ಲಿ ನಡೆಯುತ್ತದೆ ಎಂಬುದನ್ನೂ ಅದಕ್ಕೆ ಜೇಡಿಯಂಶವೇ ಕಾರಣವೆಂಬುದನ್ನೂ ತೋರಿಸಿದ. ಮಣ್ಣಿನಲ್ಲಿ ಹರಿಯುವ ನೀರು ಯಾವ ಅಯಾನನ್ನು ಹೊತ್ತು ತರುತ್ತದೆಯೋ ಜೇಡಿಯ ಮೈ ನಿಧಾನವಾಗಿ ಆ ಅಯಾನಿಗೆ ಒಗ್ಗಿಕೊಳ್ಳುತ್ತದೆ ಎಂಬ ಅರಿವು ಅಲ್ಲಿಂದ ಆರಂಭವಾಯಿತು.

ಕಣದ ಮೈಗೆ ನೆರೆದ ಅಯಾನುಗಳು ಎರಡು ಸೆಳೆತಗಳ ನಡುವೆ ಸಿಕ್ಕಿರುತ್ತವೆ. ಋಣಾವೇಶ ಅವನ್ನು ಮೇಲ್ಮೈಗೆ ಎಳೆಯುತ್ತದೆ. ದಟ್ಟಣೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಡಿಕೊಳ್ಳುವ ವಿಸರಣದ ಸ್ವಭಾವ ಅವನ್ನು ನೀರಿನೊಳಕ್ಕೆ ತಳ್ಳುತ್ತದೆ. ಇದರ ಫಲವಾಗಿ ಪ್ರತಿ ಕಣದ ಸುತ್ತಲೂ ಅಯಾನುಗಳ ಒಂದು ಮಸುಕು ಹೊದಿಕೆ ಏರ್ಪಡುತ್ತದೆ. ಕಣದ ಋಣಾವೇಶ ಒಂದು ಪದರ, ಈ ಹೊದಿಕೆ ಇನ್ನೊಂದು ಪದರ ಎಂದೆಣಿಸಿ ಇದಕ್ಕೆ ಇಮ್ಮಡಿ ಪದರ ಎಂಬ ಹೆಸರಿಟ್ಟಿದ್ದಾರೆ. ಇದರ ಗಣಿತವನ್ನು 1910ರಲ್ಲಿ ಫ್ರಾನ್ಸಿನ ಗೂಯಿ, 1913ರಲ್ಲಿ ಇಂಗ್ಲೆಂಡಿನ ಚಾಪ್‌ಮನ್ ಬೇರೆಬೇರೆಯಾಗಿ ರೂಪಿಸಿದರು. ಎರಡು ಕಣಗಳು ಹತ್ತಿರ ಬಂದಾಗ ಅವುಗಳ ಹೊದಿಕೆಗಳು ಒಂದರೊಳಗೊಂದು ಸೇರಿ ವಿಕರ್ಷಣೆ ಹುಟ್ಟುತ್ತದೆ. ತೀರ ಹತ್ತಿರವಾದಾಗ ಮಾತ್ರ ಅಣುಗಳ ನಡುವಿನ ಸಹಜ ಆಕರ್ಷಣೆ ಮೇಲುಗೈ ಪಡೆಯುತ್ತದೆ. ಆದ್ದರಿಂದ ಹೊದಿಕೆ ದಪ್ಪವಾಗಿದ್ದರೆ ಕಣಗಳು ದೂರದಲ್ಲೇ ಒಂದನ್ನೊಂದು ತಳ್ಳಿಕೊಂಡು ಚದುರಿಹೋಗುತ್ತವೆ, ತೆಳುವಾಗಿದ್ದರೆ ಒಟ್ಟುಗೂಡಿ ಗರಣೆಗಟ್ಟುತ್ತವೆ.

ನೀರಿನ ರಸಾಯನ ಕೈಯಾಡಿಸುವುದು ಈ ಹೊದಿಕೆಯ ದಪ್ಪದ ಮೇಲೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಹೊದಿಕೆ ಮೈಗೆ ಒತ್ತಿಕೊಳ್ಳುತ್ತದೆ: ಲೀಟರಿಗೆ ಒಂದು ಮೋಲಿನ ಸಾವಿರದ ಒಂದು ಭಾಗದಷ್ಟು ಅಡುಗೆ ಉಪ್ಪಿರುವ ನೀರಿನಲ್ಲಿ ಅದರ ಲಕ್ಷಣಾತ್ಮಕ ದಪ್ಪ ಸುಮಾರು 10 ನ್ಯಾನೊಮೀಟರ್ ಇದ್ದರೆ, ಉಪ್ಪು ನೂರು ಪಟ್ಟಾದಾಗ ಒಂದು ನ್ಯಾನೊಮೀಟರಿಗೆ ಇಳಿಯುತ್ತದೆ, ಸಮುದ್ರದ ನೀರಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ನದಿ ಹೊತ್ತು ತಂದ ನಯವಾದ ಜೇಡಿ ಅಳಿವೆಯಲ್ಲಿ ಉಪ್ಪುನೀರನ್ನು ಸೇರಿದೊಡನೆ ಗರಣೆಗಟ್ಟಿ ತಳ ಸೇರುವುದಕ್ಕೆ ಇದು ಮುಖ್ಯ ಕಾರಣ. ಹೊದಿಕೆಯ ದಪ್ಪವನ್ನು ನಿರ್ಧರಿಸುವ ಎರಡನೆಯ ಅಂಶ ಅಯಾನಿನ ಆವೇಶ. ಎರಡು ಧನಾವೇಶವುಳ್ಳ ಕ್ಯಾಲ್ಸಿಯಂ ಮೇಲ್ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಂದೇ ಆವೇಶವಿದ್ದು ಸುತ್ತಲೂ ನೀರಿನ ಅಣುಗಳನ್ನು ಕಟ್ಟಿಕೊಂಡಿರುವ ಸೋಡಿಯಂ ಸಡಿಲವಾಗಿ ದೂರದವರೆಗೆ ಹರಡಿಕೊಳ್ಳುತ್ತದೆ. ಕೆ. ನಾರಿಷ್ ಎಂಬ ವಿಜ್ಞಾನಿ 1954ರಲ್ಲಿ ಕ್ಷಕಿರಣಗಳ ನೆರವಿನಿಂದ ಇದನ್ನು ಕಣ್ಣಿಗೆ ಕಟ್ಟುವಂತೆ ಅಳೆದು ತೋರಿಸಿದ. ಕ್ಯಾಲ್ಸಿಯಂ ತುಂಬಿದ ಮಾಂಟ್‌ಮೊರಿಲೊನೈಟ್ ಶುದ್ಧ ನೀರಿನಲ್ಲಿಟ್ಟರೂ ಪದರದಿಂದ ಪದರಕ್ಕೆ ಸುಮಾರು 1.9 ನ್ಯಾನೊಮೀಟರ್ ಆದಲ್ಲಿಗೆ ಉಬ್ಬುವುದನ್ನು ನಿಲ್ಲಿಸಿತು. ಸೋಡಿಯಂ ತುಂಬಿದ್ದು ಉಪ್ಪುನೀರಿನಲ್ಲಿ ಅದೇ ಮಿತಿಯಲ್ಲಿದ್ದು, ನೀರಿನ ಉಪ್ಪು ಕಡಿಮೆಯಾಗುತ್ತ ಒಂದು ಹಂತ ದಾಟಿದೊಡನೆ ಏಕಾಏಕಿ ನಾಲ್ಕು ನ್ಯಾನೊಮೀಟರಿಗೆ ಹಾರಿ, ಅಲ್ಲಿಂದ ಮುಂದೆ ನೀರು ತಿಳಿಯಾದಷ್ಟೂ ಅಗಲುತ್ತಲೇ ಹೋಯಿತು.

ಆದರೆ ಎಲ್ಲ ಜೇಡಿಯೂ ಈ ಒಂದೇ ನಿಯಮಕ್ಕೆ ಬಗ್ಗುವುದಿಲ್ಲ ಎಂಬುದನ್ನು ಭಾರತದ ಮಣ್ಣು ಪರೀಕ್ಷಾಲಯಗಳಲ್ಲಿ ನಡೆಯುವ ಒಂದು ಸರಳ ಪರೀಕ್ಷೆಯೇ ಹೇಳುತ್ತದೆ. ಭಾರತೀಯ ಮಾನಕದ ಪ್ರಕಾರ ಒಣಗಿಸಿ ಜರಡಿ ಹಿಡಿದ ಮಣ್ಣನ್ನು ತಲಾ ಹತ್ತು ಗ್ರಾಂನಂತೆ ನೂರು ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ಬಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿಯ ಗುಳ್ಳೆಗಳು ಹೋಗುವಂತೆ ಕಲಕಿ, ಕನಿಷ್ಠ 24 ಗಂಟೆ ಬಿಟ್ಟು, ತಳದಲ್ಲಿ ಕೂತ ಮಣ್ಣಿನ ಗಾತ್ರ ಓದುತ್ತಾರೆ. ಸೀಮೆಎಣ್ಣೆಯ ಅಣುಗಳಿಗೆ ನೀರಿನಂತೆ ವಿದ್ಯುತ್ ಧ್ರುವಗಳಿಲ್ಲದ್ದರಿಂದ ಅದರಲ್ಲಿ ಇಮ್ಮಡಿ ಪದರ ಬೆಳೆಯುವುದಿಲ್ಲ, ಮಣ್ಣು ಉಬ್ಬುವುದೂ ಇಲ್ಲ. ಆದ್ದರಿಂದ ನೀರಿನ ಜಾಡಿಯಲ್ಲಿ ಹೆಚ್ಚಾದ ಗಾತ್ರವೇ ಉಬ್ಬುವಿಕೆಯ ಅಳತೆ. ಎರೆಮಣ್ಣಿನ ಮಟ್ಟಿಗೆ ಈ ತರ್ಕ ಸರಿಹೋಗುತ್ತದೆ. ಕೆಯೊಲಿನೈಟ್ ಹೆಚ್ಚಿರುವ ಮಣ್ಣನ್ನು ಹಾಕಿದಾಗ ಮಾತ್ರ ಸೀಮೆಎಣ್ಣೆಯ ಜಾಡಿಯಲ್ಲೇ ಗಾತ್ರ ಹೆಚ್ಚು ಬಂದು, ಉಬ್ಬುವಿಕೆ ಸೊನ್ನೆಗಿಂತ ಕೆಳಗಿದೆ ಎಂಬ ಅರ್ಥವಿಲ್ಲದ ಉತ್ತರ ದೊರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ಎ. ಶ್ರೀಧರನ್ ಅವರು ಜಿ. ವೆಂಕಟಪ್ಪ ರಾವ್ ಅವರೊಡನೆ 1973ರಲ್ಲಿ ಪ್ರಕಟಿಸಿದ ಲೇಖನ ಇಂಥ ಗೊಂದಲಕ್ಕೆ ಬೇರು ಹುಡುಕಿಕೊಟ್ಟಿತು. ಮಾಂಟ್‌ಮೊರಿಲೊನೈಟ್‌ನ ಗಾತ್ರವನ್ನು ಇಮ್ಮಡಿ ಪದರದ ವಿಕರ್ಷಣೆ ಆಳಿದರೆ, ಕೆಯೊಲಿನೈಟ್‌ನ ಗಾತ್ರವನ್ನು ಕಣಗಳು ಪರಸ್ಪರ ತಾಗುವಲ್ಲಿನ ಜಾರುನಿರೋಧ ಆಳುತ್ತದೆ ಎಂಬುದು ಅದರ ತಿರುಳು. ವಿಕರ್ಷಣೆ ತಗ್ಗಿಸುವ ದ್ರವದಲ್ಲಿ ಕೆಯೊಲಿನೈಟ್ ಕಣಗಳು ಅಂಚಿಗೆ ಮುಖ ಕೊಟ್ಟು ಇಸ್ಪೀಟು ಎಲೆಗಳ ಮನೆಯಂತೆ ನಿಂತುಬಿಡುವುದರಿಂದ ನಡುವೆ ಖಾಲಿ ಜಾಗ ಹೆಚ್ಚು ಉಳಿಯುತ್ತದೆ. ನೀರಿನ ರಸಾಯನ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಖನಿಜದ ಹೆಸರು ಕೇಳದೆ ಉತ್ತರ ಕೊಡಲಾಗದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ವಿರಳ.

ನೀರಿನ ಉಪ್ಪು ಕಡಿಮೆಯಾದದ್ದಕ್ಕೆ ಒಂದು ಭೂಪ್ರದೇಶವೇ ಹೇಗೆ ಬೆಲೆ ತೆರುತ್ತದೆ ಎಂಬುದಕ್ಕೆ ನಾರ್ವೆ ದೇಶದ ಜೇಡಿ ಕಣಿವೆಗಳಿಗಿಂತ ದಾರುಣವಾದ ಉದಾಹರಣೆ ಇಲ್ಲ. ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಅರೆದು ತಂದ ನುಣುಪು ಪುಡಿ, ಮುಖ್ಯವಾಗಿ ಇಲ್ಲೈಟ್ ಮತ್ತು ಕ್ಲೋರೈಟ್, ಅಲ್ಲಿನ ಸಮುದ್ರದಲ್ಲಿ ತಳ ಸೇರಿತು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಿನಲ್ಲಿ ಕಣಗಳು ಗರಣೆಗಟ್ಟಿ, ಒಳಗೆ ಅಪಾರ ನೀರು ಹಿಡಿದಿಟ್ಟುಕೊಂಡ ಟೊಳ್ಳು ರಚನೆಯಾಗಿ ಕೂತವು. ಹಿಮದ ಭಾರ ಇಳಿದಂತೆ ನೆಲ ಮೇಲೇರಿತು. ಓಸ್ಲೊ ಸುತ್ತಮುತ್ತ ಒಂದು ಕಾಲದ ಕಡಲತೀರ ಈಗ ಸಮುದ್ರಮಟ್ಟದಿಂದ 200 ಮೀಟರಿಗೂ ಎತ್ತರದಲ್ಲಿದೆ. ಹೀಗೆ ನೆಲವಾದ ಕಡಲತಳದ ಮೂಲಕ ಸಾವಿರಾರು ವರ್ಷ ಸಿಹಿ ಅಂತರ್ಜಲ ಬಸಿದು, ರಂಧ್ರಗಳ ನೀರಿನ ಉಪ್ಪು ಕೆಲವೆಡೆ ಲೀಟರಿಗೆ ಎರಡು ಗ್ರಾಂಗಿಂತ ಕೆಳಗಿಳಿಯಿತು. ರಚನೆ ಹಾಗೇ ಉಳಿಯಿತು, ಒಳಗಿನ ನೀರಿನ ಪ್ರಮಾಣವೂ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆದರೆ ಕಣಗಳ ನಡುವಿನ ಹಿಡಿತ ಹೋಯಿತು. ಮಣ್ಣು ದ್ರವದಂತೆ ಹರಿಯತೊಡಗುವ ನೀರಿನ ಪ್ರಮಾಣಕ್ಕೆ ದ್ರವಮಿತಿ ಎನ್ನುತ್ತಾರೆ. ಉಪ್ಪು ತೊಳೆದುಹೋದಂತೆ ಈ ಮಿತಿಯೇ ಕುಸಿದು, ಮಣ್ಣಿನಲ್ಲಿ ಆಗಲೇ ಇದ್ದ ನೀರು ಅದಕ್ಕಿಂತ ಹೆಚ್ಚೆನಿಸಿತು. ಮೇಲೆ ಹೊಲ, ಮನೆ, ರಸ್ತೆಗಳನ್ನು ಹೊತ್ತು ಗಟ್ಟಿಯಾಗಿ ಕಾಣುವ ಈ ಮಣ್ಣು ಒಮ್ಮೆ ಕದಡಿತೆಂದರೆ ಗಂಜಿಯಾಗುತ್ತದೆ.

1978ರ ಏಪ್ರಿಲ್ 29ರಂದು ರಿಸ್ಸಾ ಎಂಬಲ್ಲಿ ನಡೆದದ್ದು ಇದೇ. ಕೊಟ್ಟಿಗೆಯೊಂದನ್ನು ವಿಸ್ತರಿಸಲು ಅಗೆದ ಸುಮಾರು 700 ಘನ ಮೀಟರ್ ಮಣ್ಣನ್ನು ಬಾಟ್ನೆನ್ ಸರೋವರದ ದಂಡೆಯಲ್ಲಿ ಸುರಿದಿದ್ದರು. ಆ ಭಾರಕ್ಕೆ ದಂಡೆ ಕುಸಿದು, ಕುಸಿತ ಹಿಂದುಹಿಂದಕ್ಕೆ ಹಬ್ಬಿ, 33 ಹೆಕ್ಟೇರ್ ನೆಲದ ಐದಾರು ದಶಲಕ್ಷ ಘನ ಮೀಟರ್ ಮಣ್ಣು ಸರೋವರಕ್ಕೆ ಹರಿಯಿತು. ಹವ್ಯಾಸಿಗಳು ಚಿತ್ರೀಕರಿಸಿದ ದೃಶ್ಯಗಳಲ್ಲಿ ಮನೆಗಳು ನಿಂತ ಭಂಗಿಯಲ್ಲೇ ತೇಲಿಹೋಗುವುದು ಕಾಣುತ್ತದೆ. ಅಂದು ಸತ್ತದ್ದು ಒಬ್ಬರೇ. 1893ರ ವರ್ದಾಲ್ ಕುಸಿತದಲ್ಲಿ 116 ಜನ, 2020ರ ಡಿಸೆಂಬರ್ 30ರಂದು ಯರ್ಡ್ರಂನಲ್ಲಿ ಹತ್ತು ಜನ ಪ್ರಾಣ ಕಳೆದುಕೊಂಡರು. ಈ ಅನಾಹುತಗಳ ಮೂಲ ಉಪ್ಪಿನ ತೊಳೆತದಲ್ಲಿದೆ ಎಂಬ ವಿವರಣೆಯನ್ನು ನಾರ್ವೆಯ ಐವನ್ ರೋಸೆನ್‌ಕ್ವಿಸ್ಟ್ 1953ರ ವೇಳೆಗೆ ದೃಢವಾಗಿ ಮಂಡಿಸಿದ್ದ. ಕದಡಿ ನೀರಾದ ಅಂಥ ಜೇಡಿಗೆ ಚಿಟಿಕೆ ಅಡುಗೆ ಉಪ್ಪು ಬೆರೆಸಿ ಕಲಕಿದರೆ ಅದು ಮತ್ತೆ ಗಟ್ಟಿಯಾಗಿ ಚಮಚವನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಹನಿ ನೀರನ್ನೂ ತೆಗೆದಿರುವುದಿಲ್ಲ. ಇದೇ ತತ್ತ್ವದ ಮೇಲೆ ನೆಲದೊಳಗೆ ಕೊಳವೆಗಳನ್ನಿಳಿಸಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿ, ಅದು ಸುತ್ತಲ ಜೇಡಿಗೆ ಹರಡುವಂತೆ ಮಾಡುವ ಪ್ರಯೋಗಗಳೂ ಅಲ್ಲಿ ನಡೆದಿವೆ.

ಕೃಷಿಭೂಮಿಯಲ್ಲಿ ಇದೇ ಕ್ರಿಯೆ ಕುಸಿತದ ಸದ್ದಿಲ್ಲದೆ ನಡೆಯುತ್ತದೆ. 1953ರ ಫೆಬ್ರುವರಿ 1ರ ಬೆಳಗಿನ ಜಾವ ಉತ್ತರ ಸಮುದ್ರ ಉಕ್ಕಿ ನೆದರ್ಲೆಂಡ್ಸ್‌ನ ಜೀಲೆಂಡ್ ಪ್ರಾಂತದ ಹೊಲಗಳನ್ನು ಮುಳುಗಿಸಿದಾಗ, ಉಪ್ಪುನೀರು ಹಿಂದೆ ಸರಿದ ಮೇಲೂ ಮಣ್ಣಿನ ಕಣರಚನೆ ಮೊದಮೊದಲು ಚೆನ್ನಾಗಿಯೇ ಇತ್ತು. ಅಪಾಯವಿದ್ದದ್ದು ಅನಂತರದ ಮಳೆಯಲ್ಲಿ. ಮಳೆ ಉಪ್ಪನ್ನು ತೊಳೆಯುತ್ತದೆ, ಆದರೆ ಜೇಡಿಯ ಮೈಗಂಟಿದ ಸೋಡಿಯಂ ಅಷ್ಟು ಬೇಗ ಹೋಗುವುದಿಲ್ಲ. ಹೊರಗಿನ ಉಪ್ಪು ಹೋಗಿ ಒಳಗಿನ ಸೋಡಿಯಂ ಉಳಿದ ಆ ನಡುಗಾಲದಲ್ಲಿ ಕಣಗಳು ಚದುರಿ ರಂಧ್ರಗಳು ಮುಚ್ಚಿಹೋಗುತ್ತವೆ. ಯುದ್ಧಕಾಲದ ಪ್ರವಾಹಗಳಿಂದ ಈ ಪಾಠ ಕಲಿತಿದ್ದ ಡಚ್ಚರು ಹೊಲಗಳಿಗೆ ಕ್ಯಾಲ್ಸಿಯಂ ಒದಗಿಸುವ ಜಿಪ್ಸಂ ಹರಡಿದರು.

ಸೋಡಿಯಂ ಎಷ್ಟಾದರೆ ಅಪಾಯ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿರುವ ಲವಣ ಪ್ರಯೋಗಾಲಯ 1954ರ ತನ್ನ ಕೈಪಿಡಿಯಲ್ಲಿ ಒಂದು ಗಡಿ ಹಾಕಿತು: ವಿನಿಮಯ ಸ್ಥಾನಗಳಲ್ಲಿ ಶೇ 15ಕ್ಕಿಂತ ಹೆಚ್ಚು ಸೋಡಿಯಂ ಹಿಡಿದಿದ್ದರೆ ಅದು ಕ್ಷಾರ ಮಣ್ಣು. ಆಸ್ಟ್ರೇಲಿಯಾದವರು ಶೇ 6ರಲ್ಲೇ ತೊಂದರೆ ಕಂಡರು. ಎರಡು ದೇಶಗಳ ಅಂಕಿಗಳು ಇಷ್ಟು ದೂರ ನಿಲ್ಲಲು ಪ್ರಯೋಗಕ್ಕೆ ಬಳಸಿದ ನೀರಿನಲ್ಲಿದ್ದ ಉಪ್ಪಿನ ವ್ಯತ್ಯಾಸವೇ ಒಂದು ಮುಖ್ಯ ಕಾರಣವೆಂದು ಮಣ್ಣುವಿಜ್ಞಾನಿಗಳು ವಾದಿಸಿದ್ದಾರೆ. ಉಪ್ಪು ಸ್ವಲ್ಪವಿರುವ ನೀರು ಹಾಯಿಸಿದವರಿಗೆ ಮಣ್ಣು ಸಹಿಷ್ಣುವಾಗಿ ಕಂಡಿತು, ತಿಳಿನೀರು ಹಾಯಿಸಿದವರಿಗೆ ಅದೇ ಮಣ್ಣು ದುರ್ಬಲವಾಗಿ ಕಂಡಿತು. 1955ರಲ್ಲಿ ಕ್ವಿರ್ಕ್ ಮತ್ತು ಸ್ಕೋಫೀಲ್ಡ್ ಇದನ್ನೇ ನಿಯಮವಾಗಿ ಹೇಳಿದ್ದರು: ಮಣ್ಣಿನಲ್ಲಿ ಸೋಡಿಯಂ ಎಷ್ಟೇ ಇರಲಿ, ನೀರಿನ ಲವಣಾಂಶ ಅದಕ್ಕೆ ತಕ್ಕ ಒಂದು ಹೊಸ್ತಿಲಿಗಿಂತ ಮೇಲಿದ್ದರೆ ನೀರು ಇಂಗುತ್ತದೆ, ಕೆಳಗಿಳಿದರೆ ಇಂಗುವುದು ಕುಗ್ಗತೊಡಗುತ್ತದೆ.

ಕರ್ನಾಟಕದಲ್ಲಿ ಈ ವಿಚಾರ ಪುಸ್ತಕದಿಂದ ಹೊಲಕ್ಕಿಳಿಯುವುದು ತುಂಗಭದ್ರಾ ಅಚ್ಚುಕಟ್ಟಿನಲ್ಲಿ. ಹೊಸಪೇಟೆ ಬಳಿಯ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಎರೆಹೊಲಗಳಿಗೆ ಹರಿಯತೊಡಗಿದಾಗ, ಮಿತನೀರಿನ ಬೆಳೆಗಳಿಗೆಂದು ಗುರುತಿಸಿದ್ದ ನೆಲದಲ್ಲೂ ಭತ್ತ ಹರಡಿತು. ಸ್ಮೆಕ್ಟೈಟ್ ತುಂಬಿದ, ಮೊದಲೇ ನೀರು ನಿಧಾನವಾಗಿ ಬಸಿಯುವ ಮಣ್ಣಿನಲ್ಲಿ ಅಂತರ್ಜಲ ಮೇಲೇರಿ, ಆಳದಲ್ಲಿದ್ದ ಲವಣಗಳನ್ನು ಬೇರುಗಳ ವಲಯಕ್ಕೆ ತಂದಿತು. ಅಲ್ಲಿ ಬಿಸಿಲಿಗೆ ನೀರು ಆವಿಯಾಗುವಾಗ ಎಲ್ಲ ಲವಣಗಳೂ ಒಟ್ಟಿಗೆ ಉಳಿಯುವುದಿಲ್ಲ ಎಂಬುದೇ ಮುಖ್ಯ. ಕಡಿಮೆ ಕರಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲು ಹರಳುಗಟ್ಟಿ ಸುಣ್ಣದ ಗಂಟುಗಳಾಗಿ ನೀರಿನಿಂದ ಹೊರಬೀಳುತ್ತದೆ. ಬಹಳ ಒಣಗುವವರೆಗೂ ಕರಗಿಯೇ ಇರುವ ಸೋಡಿಯಂ ನೀರಿನಲ್ಲಿ ಉಳಿದು, ಅನುಪಾತದಲ್ಲಿ ಏರುತ್ತ, ಜೇಡಿಯ ಮೈಯಿಂದ ಕ್ಯಾಲ್ಸಿಯಂ ಅನ್ನು ಕದಲಿಸಿ ತಾನು ಕೂರುತ್ತದೆ. ಬೈಕಾರ್ಬೊನೇಟ್ ಹೆಚ್ಚಿರುವ ಕೊಳವೆಬಾವಿ ನೀರು ಇದನ್ನೇ ಇನ್ನೂ ಬೇಗ ಮಾಡುತ್ತದೆ.

ರೈತರು ಸವಳು, ಜವಳು ಎಂದು ಒಟ್ಟಿಗೆ ಹೇಳುವ ಈ ಕೇಡಿನಲ್ಲಿ ಎರಡು ಬೇರೆ ಸ್ಥಿತಿಗಳಿವೆ, ಅವನ್ನು ನಿಂತ ನೀರು ನೋಡಿಯೇ ಬಹುಮಟ್ಟಿಗೆ ಗುರುತಿಸಬಹುದು. ಉಪ್ಪು ಮಾತ್ರ ಹೆಚ್ಚಿರುವ ಹೊಲದಲ್ಲಿ ನೆಲದ ಮೇಲೆ ಬಿಳಿ ಹೊಪ್ಪಳೆ ಇದ್ದರೂ ನಿಂತ ನೀರು ತಿಳಿಯಾಗಿರುತ್ತದೆ, ಏಕೆಂದರೆ ಜೇಡಿ ಗರಣೆಗಟ್ಟಿ ತಳ ಸೇರಿರುತ್ತದೆ. ಸೋಡಿಯಂ ಹಿಡಿದ ಹೊಲದಲ್ಲಿ ಮಳೆನೀರು ದಿನಗಟ್ಟಲೆ ಇಂಗದೆ, ತಿಳಿಯಾಗದೆ, ಕದಡಿಕೊಂಡೇ ಇರುತ್ತದೆ. ಒಣಗಿದಾಗ ಮೇಲ್ಪದರ ಮೊಳಕೆ ಸೀಳಲಾರದಷ್ಟು ಗಟ್ಟಿಯಾಗುತ್ತದೆ, ಚದುರಿದ ಸಾವಯವ ಅಂಶ ಕಪ್ಪು ಕಲೆಗಳಾಗಿ ಮೇಲೆ ಬರುತ್ತದೆ. ಇದಕ್ಕಿಂತ ಖಚಿತವಾದದ್ದು ಬೇಕಿದ್ದರೆ ಕಡಲೆಕಾಳಿನ ಗಾತ್ರದ ಒಂದು ಚೂರನ್ನು ಬಟ್ಟಿಯಿಳಿಸಿದ ನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಇಳಿಸಿ ಅಲುಗಿಸದೆ ನೋಡಬೇಕು. ಚೂರು ಕುಸಿದು ಪುಡಿಯಾದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಅದು ಕೇವಲ ಗಾಳಿ ಹೊರಬಿದ್ದು ಆದ ಒಡೆತ. ಅಂಚಿನಿಂದ ತೆಳುವಾದ ಮಬ್ಬು ಎದ್ದು ಲೋಟದ ತಳದುದ್ದಕ್ಕೂ ಹರಡಿದರೆ ಮಣ್ಣು ಚದುರುವ ಜಾತಿಯದು. ಇದೇ ಪರೀಕ್ಷೆಯನ್ನು ನಲ್ಲಿ ಅಥವಾ ಕೊಳವೆಬಾವಿಯ ನೀರಿನಲ್ಲಿ ಮಾಡಿದರೆ ಮಬ್ಬು ಕಾಣದೆ ಹೋಗಬಹುದು, ಹಾಗೆ ಮೋಸಹೋದ ಮಣ್ಣಿನಿಂದ ಕಟ್ಟಿದ ಏರಿಯನ್ನು ಮೊದಲ ಮಳೆಯ ನೀರೇ ಕೊರೆಯಬಹುದು.

ಚಿಕಿತ್ಸೆಯ ರಸಾಯನ ಸರಳ, ಅದರ ಲೆಕ್ಕ ಭಾರ. ಜಿಪ್ಸಂ, ಅಂದರೆ ನೀರು ಸೇರಿದ ಕ್ಯಾಲ್ಸಿಯಂ ಸಲ್ಫೇಟ್, ಕರಗಿ ಕ್ಯಾಲ್ಸಿಯಂ ಬಿಡುತ್ತದೆ, ಕ್ಯಾಲ್ಸಿಯಂ ಸೋಡಿಯಂನ ಸ್ಥಾನ ಹಿಡಿಯುತ್ತದೆ, ಸೋಡಿಯಂ ಸಲ್ಫೇಟ್ ಆಗಿ ಹೊರಬರುತ್ತದೆ. ಜೊತೆಗೆ ಕರಗಿದ ಜಿಪ್ಸಂ ನೀರಿನ ಲವಣಾಂಶವನ್ನು ಕ್ವಿರ್ಕ್ ಮತ್ತು ಸ್ಕೋಫೀಲ್ಡ್ ಹೇಳಿದ ಹೊಸ್ತಿಲಿಗಿಂತ ಮೇಲೆ ಹಿಡಿದಿಟ್ಟು ತೊಳೆಯುವ ನೀರಿಗೆ ದಾರಿ ತೆರೆದಿಡುತ್ತದೆ. ಕಿಲೊಗ್ರಾಂ ಮಣ್ಣಿಗೆ 50 ಸೆಂಟಿಮೋಲ್ ವಿನಿಮಯ ಸಾಮರ್ಥ್ಯವಿರುವ ಎರೆಮಣ್ಣಿನಲ್ಲಿ ಸೋಡಿಯಂ ಪಾಲನ್ನು ಶೇ 20ರಿಂದ 10ಕ್ಕೆ ಇಳಿಸಬೇಕಾದರೆ, ಮೇಲಿನ 15 ಸೆಂಟಿಮೀಟರ್ ಆಳಕ್ಕೇ ಹೆಕ್ಟೇರಿಗೆ ಸುಮಾರು ಹತ್ತು ಟನ್ ಜಿಪ್ಸಂ ಬೇಕು. ಲೀಟರ್ ನೀರಿನಲ್ಲಿ ಜಿಪ್ಸಂ ಕರಗುವುದು ಎರಡೂವರೆ ಗ್ರಾಂ ಮಾತ್ರವಾದ್ದರಿಂದ ಅಷ್ಟನ್ನು ಕರಗಿಸಲು 400 ಮಿಲಿಮೀಟರ್ ಆಳದ ನೀರು ಹೊಲದ ಮೂಲಕ ಹಾಯಬೇಕು. ಅದು ಆ ಭಾಗದ ವರ್ಷದ ಮಳೆಯ ಅರ್ಧಕ್ಕೂ ಹೆಚ್ಚು. ಆ ನೀರು ಸೋಡಿಯಂ ಹೊತ್ತು ಹೊರಹೋಗಲು ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ಜಿಪ್ಸಂ ವ್ಯರ್ಥ. ನೀರಾವರಿ ಯೋಜನೆಗಳಲ್ಲಿ ನೀರು ತರುವ ಕಾಲುವೆಗೆ ಸಂದ ಹಣ ಮತ್ತು ಆಸ್ಥೆಯ ಸಣ್ಣ ಪಾಲೂ ನೀರು ಬಸಿಯುವ ಕಾಲುವೆಗೆ ಸಂದಿಲ್ಲವೆಂಬುದು ನೋವಿನ ಸಂಗತಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲವಣಪೀಡಿತ ಮಣ್ಣುಗಳ ಅಖಿಲ ಭಾರತ ಸಂಶೋಧನಾ ಯೋಜನೆಯ ಘಟಕ ಈ ಸಮಸ್ಯೆಯ ಮೇಲೆಯೇ ಕೆಲಸ ಮಾಡುತ್ತ ಬಂದಿದೆ.

ಎರೆಮಣ್ಣಿಗೆ ಇನ್ನೊಂದು ದಾರಿಯೂ ಇದೆ. ಅದು ಕಳೆದುಕೊಂಡ ಕ್ಯಾಲ್ಸಿಯಂ ಎಲ್ಲೂ ಹೋಗಿರುವುದಿಲ್ಲ. ಸುಣ್ಣದ ಗಂಟುಗಳಾಗಿ ಅದೇ ಹೊಲದಲ್ಲಿ ಬಿದ್ದಿರುತ್ತದೆ, ಆದರೆ ಕ್ಷಾರ ನೀರಿನಲ್ಲಿ ಕರಗುವುದಿಲ್ಲ. ಡಯಾಂಚದಂಥ ಹಸಿರೆಲೆ ಬೆಳೆಯನ್ನು ಬೆಳೆದು ಹೂಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಕೊಳೆಸಿದರೆ, ಬೇರುಗಳ ಮತ್ತು ಸೂಕ್ಷ್ಮಜೀವಿಗಳ ಉಸಿರಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಮಣ್ಣಿನ ನೀರಿನಲ್ಲಿ ಕರಗಿ ಅದನ್ನು ಕೊಂಚ ಆಮ್ಲೀಯವಾಗಿಸುತ್ತದೆ, ಆ ನೀರು ಸುಣ್ಣವನ್ನು ಕರಗಿಸಿ ಕ್ಯಾಲ್ಸಿಯಂ ಬಿಡುಗಡೆ ಮಾಡುತ್ತದೆ. ಜಿಪ್ಸಂಗಿಂತ ಇದು ನಿಧಾನ, ಇದಕ್ಕೂ ಬಸಿಗಾಲುವೆ ಬೇಕೇ ಬೇಕು, ಮತ್ತು ಮೂರು ನಾಲ್ಕು ಹಂಗಾಮು ಬಿಡದೆ ಮಾಡಿದರೆ ಮಾತ್ರ ಮಣ್ಣಿನ ಇಂಗುವ ಗುಣ ಚೇತರಿಸಿಕೊಳ್ಳತೊಡಗುತ್ತದೆ.